ಬೀಗರ ದ್ರಾಕ್ಷಿಗೆ ಕೊಳೆ ಔಷಧಿ

ಬಾಳೆಹೊನ್ನೂರಿನ ಪೇಟೆಯಲ್ಲಿ ರೇಣುಕಾಪ್ರಸಾದರ ಅಂಗಡಿ ಯಾವುದೆಂದು ಹೊಸಬರು ಕೇಳಿದರೆ, "ಯಾವ ಅಂಗಡಿಯ ಮೆಟ್ಟಿಲು ನೀಲಿಯಾಗಿದೆಯೋ ಅದೇ" ಎಂದು ದಾರಿಹೋಕರು ತೋರಿಸುತ್ತಾರೆ. ಮೈಲುತುತ್ತದ ಚೀಲಗಳನ್ನು ವರ್ಷಗಟ್ಟಲೆ ಏರಿಸಿ ಇಳಿಸಿ ಆ ಕಲ್ಲುಗಳಿಗೆ ಹಿಡಿದ ಬಣ್ಣ ಭದ್ರೆಯನ್ನೇ ತಿರುಗಿಸಿ ಹರಿಸಿದರೂ ಹೋಗುವಂಥದ್ದಲ್ಲ. ಅಡಿಕೆಗೆ ಬರುವ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಔಷಧಿಗೆ ಬೇಕಾದ ಸಾಮಾನೆಲ್ಲ ಅಲ್ಲಿ ಸಿಗುತ್ತದೆ: ಮೈಲುತುತ್ತ, ಸುಣ್ಣ, ಮತ್ತು ಔಷಧಿ ಕಾಯಿಗೆ ಅಂಟಿ ನಿಲ್ಲಲೆಂದು ಕಾಯಿಸಿ ಬೆರೆಸುವ ರಾಳ.

ಸಾಮಾನು ಮಾರಿ ಕೈತೊಳೆದುಕೊಳ್ಳುವ ವ್ಯಾಪಾರಿ ಅವರಾಗಿರಲಿಲ್ಲ. ಕೊಂಡುಹೋದವರ ತೋಟಕ್ಕೆ ತಾವೇ ಹೋಗಿ, ಡ್ರಮ್ಮಿನ ಬಳಿ ನಿಂತು, ಔಷಧಿ ಕದಡುವುದನ್ನು ನೋಡಿದರೇ ಅವರಿಗೆ ಸಮಾಧಾನ. ಮೈಲುತುತ್ತ ಬೇರೆ, ಸುಣ್ಣ ಬೇರೆ ಕರಗಿಸಬೇಕು. ಎರಡನ್ನೂ ಕೂಡಿಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ ಎತ್ತಬೇಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಇಷ್ಟೆಲ್ಲ ಮಲೆನಾಡಿನ ಪ್ರತಿಯೊಬ್ಬ ಬೆಳೆಗಾರನಿಗೂ ಗೊತ್ತು. ಆದರೆ ರಾಳದ ಹದ ಮಾತ್ರ ರೇಣುಕಾಪ್ರಸಾದರ ಸ್ವಂತದ್ದು. ನರಸಿಂಹರಾಜಪುರದ ಕಡೆಗೆ ಒಂದು ಹದ, ಮೇಗುಂದದ ಕಡೆಗೆ ಇನ್ನೊಂದು ಹದ. ಎಲ್ಲಕ್ಕಿಂತ ಬಿಗಿಯಾದದ್ದು, ಮಳೆ ಬಿಡದೆ ಸುರಿಯುವ ಊರಿಗೆಂದೇ ಮಾಡಿದ ಕೆರೆಕಟ್ಟೆ ಹದ. "ಕೆರೆಕಟ್ಟೆ ಹದದಲ್ಲಿ ಹೊಡೆದ ಔಷಧಿ, ಕಾಯಿ ಬಿದ್ದರೂ ಬೀಳಲ್ಲ ಮಾರಾಯ" ಎಂದು ಅವರು ಹೇಳುವಾಗ ಮುಖದಲ್ಲಿ ಒಂದು ಗೆಲುವು ಮೂಡುತ್ತಿತ್ತು.

ಇಂಥ ಮನುಷ್ಯನ ಒಬ್ಬಳೇ ಮಗಳು ನಿಶ್ಚಿತಾ, ಕೃಷಿ ಓದಿಕೊಂಡು, ಮಳೆಯೇ ಅಪರೂಪವಾದ ವಿಜಯಪುರ ಜಿಲ್ಲೆಗೆ ಸೊಸೆಯಾಗಿ ಹೋದಳು. ತಿಕೋಟಾದ ಆಚೆ ಒಂದು ಹಳ್ಳಿ. ಮಾವ ಸಂಗನಬಸಪ್ಪನವರದು ಹಳೆಯ ದ್ರಾಕ್ಷಿ ಪಡ, ಅಂದರೆ ದ್ರಾಕ್ಷಿ ತೋಟ. ಒಣದ್ರಾಕ್ಷಿ ಮಾಡಿ ಮಾರುವ ಮನೆತನ. ಹೋದ ಎರಡನೆಯ ವರ್ಷವೇ ಅವಳಿಗೆ ಆ ಕಡೆಯ ಸಂತೆಯಲ್ಲಿ ಒಂದು ದಿನ ಯಾರೋ "ಎಂತ ಮಾರಾಯ್ತಿ, ಇಷ್ಟು ಬಿಸಿಲು!" ಎಂದದ್ದು ಕಿವಿಗೆ ಬಿತ್ತು. ತಿರುಗಿ ಮಾತಾಡಿಸಿದರೆ, ಮೇಗುಂದದ ಅರ್ಪಣಾ ಎಂಬ ಹುಡುಗಿ. ಅಲ್ಲೇ ಹತ್ತಿರದ ಒಂದು ವೈನರಿಯಲ್ಲಿ ವೈನ್ ತಯಾರಿಸುವ ಕೆಲಸದವಳು. ಆ ಬಯಲಿನಲ್ಲಿ ಇಬ್ಬರು ಮಲೆನಾಡಿನ ಹುಡುಗಿಯರು ಸಂಧಿಸಿದ ಮೇಲೆ ಕೇಳಬೇಕೆ? ಗೆಳೆತನ ಬೆಳೆಯಿತು, ಗೆಳೆತನದ ಜೊತೆಗೆ ಒಂದು ಯೋಚನೆಯೂ ಬೆಳೆಯಿತು. ನಿಶ್ಚಿತಾ ಮಾವನನ್ನು ಒಪ್ಪಿಸಿ ಅರ್ಧ ಎಕರೆಯಲ್ಲಿ ವೈನಿನ ದ್ರಾಕ್ಷಿ ನೆಟ್ಟಳು.

ಸಂಗನಬಸಪ್ಪನವರು ಒಪ್ಪಿದ್ದು ಒಂದು ಕರಾರಿನ ಮೇಲೆ. "ಮೊದಲ್ನೇ ಬೆಳಿ ವೈನರಿಯವರು ತಗೊಂಡ್ರ ಬಳ್ಳಿ ಉಳೀತಾವ. ತಗೊಳ್ಳಲಿಲ್ಲಂದ್ರ ಬುಡಸಮೇತ ಕಿತ್ತು, ನಮ್ಮ ಒಣದ್ರಾಕ್ಷಿ ಬಳ್ಳಿನೇ ಹಚ್ಚೋದು. ಆಮ್ಯಾಲ ನೀ ಮಾರಿ ಸಣ್ಣ ಮಾಡಬಾರದು ನೋಡವ್ವ" ಎಂದಿದ್ದರು. ಅವಳು ತಲೆಯಾಡಿಸಿದ್ದಳು. ಬಳ್ಳಿ ಹಬ್ಬಿತು, ಗೊಂಚಲು ಕಟ್ಟಿತು. ಆ ಮೊದಲ ಬೆಳೆಯನ್ನು ನೋಡಬೇಕೆಂದು ಅವಳು ತಂದೆತಾಯಿಯನ್ನು ಕರೆದಳು.

ರೇಣುಕಾಪ್ರಸಾದರು ಹೊರಡುವ ಹಿಂದಿನ ದಿನ ಅವರ ಪತ್ನಿ ಸರ್ವಮಂಗಳಾ ಬ್ಯಾಗುಗಳನ್ನು ಕಟ್ಟುತ್ತಿದ್ದರು. ಕೋಡುಬಳೆಯ ಡಬ್ಬಿ, ಉಪ್ಪಿನಕಾಯಿಯ ಭರಣಿ ಎಲ್ಲವೂ ಸೇರಿದ ಮೇಲೆ ಒಂದು ಬ್ಯಾಗು ಯಾಕೋ ಕಲ್ಲಿನಂತೆ ಭಾರವಾಗಿತ್ತು. ಬಿಚ್ಚಿ ನೋಡಿದರು.

"ರೀ, ಇದೆಂತ ಇದು?"

"ಮೈಲುತುತ್ತ. ಪಕ್ಕದ ಕಟ್ಟಿನಲ್ಲಿ ರಾಳ ಇದೆ. ಬೀಗರಿಗೆ."

"ಬೀಗರ ಮನೆಗೆ ಯಾರಾದ್ರೂ ವಿಷ ತಗೊಂಡು ಹೋಗ್ತಾರಾ? ಹಣ್ಣೋ, ಹೂವೋ ತಗೊಂಡು ಹೋಗ್ತಾರೆ!"

"ಹಣ್ಣು ಅವರಲ್ಲೇ ರಾಶಿ ಬಿದ್ದಿದೆಯಲ್ಲೇ. ಇಂಥ ಒಳ್ಳೆ ಮಾಲು ಅಲ್ಲಿ ಸಿಗುತ್ತೋ ಇಲ್ವೋ. ಈ ಔಷಧಿ ಹುಟ್ಟಿದ್ದೇ ದ್ರಾಕ್ಷಿಗೆ, ಗೊತ್ತಾ? ಫ್ರಾನ್ಸಿನ ದ್ರಾಕ್ಷಿ ತೋಟದವರು ಕಂಡುಹಿಡಿದದ್ದು. ನಾವು ಆಮೇಲೆ ಅಡಿಕೆಗೆ ತಂದುಕೊಂಡ್ವಿ."

"ಹಾಗಾದ್ರೆ ಫ್ರಾನ್ಸಿಗೇ ತಗೊಂಡು ಹೋಗಿ" ಎಂದು ಸರ್ವಮಂಗಳಾ ಬ್ಯಾಗಿನ ಜಿಪ್ಪು ಎಳೆದರು. ಅವರಿಗೆ ತಮ್ಮ ತಂಗಿಯ ಮನೆಯ ಗೃಹಪ್ರವೇಶವಿತ್ತು. ಅದನ್ನು ಮುಗಿಸಿ ಕೊಯ್ಲಿನ ಹೊತ್ತಿಗೆ ಬರುವುದಾಗಿ ಹೇಳಿ ಗಂಡನನ್ನು ಬಸ್ಸು ಹತ್ತಿಸಿದರು.

ಶಿವಮೊಗ್ಗ ದಾಟಿ, ಹುಬ್ಬಳ್ಳಿ ದಾಟಿ, ಕೊನೆಗೆ ರೇಣುಕಾಪ್ರಸಾದರು ಇಳಿದದ್ದು ಆಕಾಶವೇ ಹೆಚ್ಚಾಗಿರುವ ಊರಿನಲ್ಲಿ. ಫೆಬ್ರುವರಿ ತಿಂಗಳಿನಲ್ಲೇ ಬಿಸಿಲು ನೆತ್ತಿಯನ್ನು ಕುಟ್ಟುತ್ತಿತ್ತು. ಕಪ್ಪು ನೆಲ ಬಾಯಿಬಿಟ್ಟುಕೊಂಡಿತ್ತು. ಅದರ ನಡುವೆ ಹನಿನೀರಿನ ಪೈಪುಗಳ ಆಸರೆಯಲ್ಲಿ ಹಸಿರಾಗಿ ನಿಂತ ದ್ರಾಕ್ಷಿ ಪಡಗಳನ್ನು ಕಂಡು ಅವರಿಗೆ ಬೆರಗಾಯಿತು. ಮಗಳು ತನ್ನ ಅರ್ಧ ಎಕರೆಗೆ ಕರೆದೊಯ್ದಳು.

"ಇದೆಂತ ಮಗಾ, ಇಷ್ಟು ಸಣ್ಣ ಕಾಯಿ? ಗೊಬ್ಬರ ಸಾಕಾಗಲಿಲ್ವಾ?"

"ವೈನಿನ ದ್ರಾಕ್ಷಿ ಇಷ್ಟೇ ಇರೋದು ಅಪ್ಪಾಜಿ. ಸಿಪ್ಪೆ ದಪ್ಪ, ರಸ ಕಡಿಮೆ. ಎಲ್ಲ ರುಚಿ ಸಿಪ್ಪೆಯಲ್ಲೇ."

ಅವರು ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡರು. ಸಿಹಿ ಚೆನ್ನಾಗಿತ್ತು, ಜಗಿದಷ್ಟೂ ಒಗರು. ಗೊಂಚಲುಗಳು ಮಾತ್ರ ಒಂದಕ್ಕೊಂದು ಒತ್ತಿಕೊಂಡು, ಗಾಳಿ ಆಡಲೂ ಜಾಗವಿಲ್ಲದಂತೆ ಬಿಗಿದುಕೊಂಡಿದ್ದವು. ಕೊಳೆ ಬಂದರೆ ಒಂದು ಕಾಯಿಂದ ಇನ್ನೊಂದಕ್ಕೆ ಎಷ್ಟು ಸುಲಭವಾಗಿ ದಾಟೀತು ಎಂದು ಅವರ ಮನಸ್ಸು ಆಗಲೇ ಲೆಕ್ಕ ಹಾಕತೊಡಗಿತು.

ಬೀಗರ ಮನೆಯಲ್ಲಿ ಉಪಚಾರಕ್ಕೆ ಕೊರತೆ ಇರಲಿಲ್ಲ. ಬೆಳಿಗ್ಗೆ ಎದ್ದರೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು. ಕೈಗೆ ಕೆಲಸ ಮಾತ್ರ ಯಾರೂ ಕೊಡರು. ಒಂದು ಬುಟ್ಟಿ ಎತ್ತಹೋದರೆ "ಬಿಡ್ರಿ ಬಿಡ್ರಿ, ಬೀಗರು ಬುಟ್ಟಿ ಎತ್ತಿದ್ರ ಮಂದಿ ಏನಂದಾರು?" ಎಂದು ಸಂಗನಬಸಪ್ಪನವರು ಕಸಿದುಕೊಳ್ಳುತ್ತಿದ್ದರು. ಕೂತು ಕೂತು ರೇಣುಕಾಪ್ರಸಾದರಿಗೆ ಮೈಕೈ ನೋವು ಬಂತು.

ಒಂದು ದಿನ ಬೀಗರೂ ಮಗಳೂ ವೈನರಿಗೆ ಕೊಯ್ಲಿನ ದಿನ ಗೊತ್ತುಮಾಡಲು ಹೋದರು. ಅಳಿಯ ಒಣದ್ರಾಕ್ಷಿ ಮಾರಲು ತಾಸಗಾಂವಿಗೆ ಹೋಗಿದ್ದ. ಬೀಗಿತ್ತಿ ಊಟ ಬಡಿಸಿ, ಪಕ್ಕದ ಹೊಲದ ಮನೆಗೆ ಹೋದರು. ರೇಣುಕಾಪ್ರಸಾದರು ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದಾಗ ಬಿಸಿಲು ಸಟ್ಟನೆ ಮಂಕಾಯಿತು. ತಲೆಯೆತ್ತಿದರೆ, ಪಡುವಣದಿಂದ ಕಪ್ಪು ಮೋಡ!

ಮಲೆನಾಡಿನಲ್ಲಿ ಹುಟ್ಟಿ ಔಷಧಿಯ ನಡುವೆ ಬೆಳೆದ ಮನುಷ್ಯನಿಗೆ ಅಂಥ ಮೋಡ ಕಂಡರೆ ಯೋಚನೆ ಮಾಡಲು ಪುರಸೊತ್ತಿರುವುದಿಲ್ಲ. ಕಾಲು ತಾನಾಗಿಯೇ ಡ್ರಮ್ಮಿನ ಕಡೆಗೆ ನಡೆಯುತ್ತದೆ. ಮಳೆ ಬೀಳುವ ಮೊದಲು ಔಷಧಿ ಕಾಯಿಯ ಮೇಲೆ ಒಣಗಿರಬೇಕು. ಮಳೆ ಬಿದ್ದ ಮೇಲೆ ಹೊಡೆದು ಏನು ಫಲ? ಇಷ್ಟು ಬಿಗಿಯಾದ ಗೊಂಚಲು, ಮಗಳ ಮೊದಲ ಬೆಳೆ, ಹೇಳಲು ಮನೆಯಲ್ಲಿ ಗಂಡಾಳಿಲ್ಲ. ಫೋನು ಮಾಡಿದರು, ನಿಶ್ಚಿತಾಳ ಫೋನು ಹತ್ತಲಿಲ್ಲ. ಅಷ್ಟರಲ್ಲಿ ತಣ್ಣನೆಯ ಗಾಳಿಯೂ ಬೀಸಿತು. ಸರಿ, ಬ್ಯಾಗು ಬಿಚ್ಚಿದರು. ವೀಳ್ಯಕ್ಕಿಟ್ಟಿದ್ದ ಸುಣ್ಣ ಸಾಲದೆಂದು ಗೋಡೆಗೆ ಬಳಿಯಲು ತಂದಿಟ್ಟಿದ್ದ ಸುಣ್ಣದ ಚೀಲವನ್ನು ಹುಡುಕಿ ತೆಗೆದರು. ಒಲೆ ಹಚ್ಚಿ ರಾಳ ಕಾಯಿಸಿದರು. ಈ ಮೋಡದ ಬಣ್ಣಕ್ಕೆ ಬೇರೆ ಹದ ತಾಳಲಾರದೆಂದು ಕೆರೆಕಟ್ಟೆ ಹದವನ್ನೇ ಹಿಡಿದರು. ಬೀಗರ ಪಂಪಿಗೆ ಪೈಪು ಸಿಕ್ಕಿಸಿ, ಪಂಚೆಯನ್ನು ಎತ್ತಿ ಕಟ್ಟಿ, ಅರ್ಧ ಎಕರೆಯ ಒಂದು ಗೊಂಚಲನ್ನೂ ಬಿಡದೆ ಮೇಲಿಂದ ಕೆಳಗಿನವರೆಗೆ ಹೊಡೆದರು. ಎಷ್ಟೋ ದಿನಗಳ ಮೇಲೆ ಮೈ ಹಗುರವಾಯಿತು. ಕೊನೆಯ ಸಾಲು ಮುಗಿಸಿ ಬಂದು, ಮಳೆ ಈಗ ಧಾರಾಳವಾಗಿ ಬರಲಿ ಎಂಬಂತೆ ಆಕಾಶದ ಕಡೆ ನೋಡಿದರು.

ಮೋಡ ನಾಲ್ಕು ಹನಿ ಉದುರಿಸಿ, ಮಹಾರಾಷ್ಟ್ರದ ದಾರಿ ಹಿಡಿಯಿತು. ಬಿಸಿಲು ಮೊದಲಿಗಿಂತ ಚುರುಕಾಗಿ ಬಂತು.

ಮೋಟಾರು ಸೈಕಲ್ಲಿನಿಂದ ಇಳಿದ ಸಂಗನಬಸಪ್ಪನವರು ಪಡದ ಮುಂದೆ ನಿಂತರು. ಕಪ್ಪಗೆ ಹೊಳೆಯುತ್ತಿದ್ದ ದ್ರಾಕ್ಷಿಯೆಲ್ಲ ತಿಳಿನೀಲಿಯಾಗಿತ್ತು. ನಿಶ್ಚಿತಾ ಹಿಂದಿನಿಂದ ಓಡಿಬಂದಳು.

"ಅಪ್ಪಾಜಿ... ಎಂತ ಮಾಡಿದ್ರಿ?"

"ಮೋಡ ಬಂತಲ್ಲ ಮಗಾ. ಹೊಡೆದುಬಿಟ್ಟೆ. ಇನ್ನು ಕೊಳೆಯ ಹೆದರಿಕೆ ಇಲ್ಲ."

"ಅಪ್ಪಾಜಿ, ನಾವೂ ಬೋರ್ಡೋ ಹೊಡೀತೀವಿ. ಚಾಟಣಿ ಆದ ಮೇಲೆ, ಅಂದ್ರೆ ಬಳ್ಳಿ ಕತ್ತರಿಸಿದ ಮೇಲೆ, ಚಿಗುರಿಗೆ. ಕೊಯ್ಲಿನ ಮುಂಚೆ ಯಾರೂ ಹೊಡೆಯಲ್ಲ. ಈ ದ್ರಾಕ್ಷಿಯನ್ನು ತೊಳೆಯೋದಿಲ್ಲ, ಸಿಪ್ಪೆ ಸಮೇತ ಹುದುಗೋಕೆ ಹಾಕ್ತಾರೆ. ಇದನ್ನ ವೈನರಿಯವರು ಒಳಗೇ ಬಿಡಲ್ಲ" ಎಂದು ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ಕೊಯ್ಲಿನ ದಿನ ಗೊತ್ತುಮಾಡಿಕೊಂಡು ಬಂದವಳು ಅವಳು.

ರೇಣುಕಾಪ್ರಸಾದರು ಕೈಯಲ್ಲಿದ್ದ ಪೈಪನ್ನು ಕೆಳಗಿಟ್ಟರು. ಬೀಗರು ಈಗ ಬೈಯುತ್ತಾರೆ ಎಂದುಕೊಂಡು ತಲೆ ತಗ್ಗಿಸಿ ನಿಂತರು. ಸಂಗನಬಸಪ್ಪನವರು ಒಂದು ಗೊಂಚಲನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಆಮೇಲೆ ಹೆಗಲ ಮೇಲಿನ ವಸ್ತ್ರವನ್ನು ಸರಿಮಾಡಿಕೊಂಡು, "ದಣಿದೀರಿ ಬೀಗ್ರ. ಕೈಕಾಲು ತೊಳ್ಕೋರಿ, ಚಾ ಕುಡಿಯೋಣು" ಎಂದರು.

ಸೊಸೆಯ ತಂದೆಯನ್ನು ಮನೆಗೆ ಕರೆಸಿ ಬೈಯುವ ಪದ್ಧತಿ ಅವರಲ್ಲಿ ಇರಲಿಲ್ಲ. ಒಳಗಿನ ಸಿಟ್ಟಿಗೆ ಹೋಗಲು ಬೇರೆ ದಾರಿಯಿಲ್ಲದೆ ಅದೆಲ್ಲವೂ ಊಟದ ತಟ್ಟೆಗೆ ಇಳಿಯಿತು. ಆ ಸಂಜೆ ರೊಟ್ಟಿಯ ಜೊತೆಗೆ ಹೋಳಿಗೆ ಬಂತು, ಹೋಳಿಗೆಯ ಮೇಲೆ ತುಪ್ಪ ಬಂತು. "ಇನ್ನೊಂದು ತಗೋರಿ" ಎಂದು ಬೀಗರು ಹಲ್ಲು ಕಚ್ಚಿ ಬಡಿಸುತ್ತಿದ್ದರೆ ರೇಣುಕಾಪ್ರಸಾದರು ಹೋಳಿಗೆಯನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದರು.

"ಬೀಗರೇ, ನನ್ನನ್ನ ಒಂದು ಸಲ ಬೈದುಬಿಡಿ ಮಾರಾಯ್ರೇ. ಈ ಹೋಳಿಗೆ ತಿನ್ನೋಕಾಗಲ್ಲ."

"ಏ, ಬೈಯೂದು ಯಾಕ್ರಿ? ಬಳ್ಳಿ ಇದ್ರ ಇದ್ವು, ಹೋದ್ರ ಹೋದ್ವು. ತುಪ್ಪಾ ಹಾಕ್ಲಾ?"

ಬಳ್ಳಿ ಹೋಗುವ ಮಾತನ್ನು ಅವರು ಮರೆತಿಲ್ಲ ಎಂಬುದು ಸ್ಪಷ್ಟವಾಯಿತು. ನಿಶ್ಚಿತಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳ ತಟ್ಟೆಯಲ್ಲಿ ಹೋಳಿಗೆ ಹಾಗೇ ಇದ್ದದ್ದನ್ನು ಕಂಡು ರೇಣುಕಾಪ್ರಸಾದರಿಗೆ ಎಲ್ಲಕ್ಕಿಂತ ಹೆಚ್ಚು ನೋವಾಯಿತು.

ಬೆಳಿಗ್ಗೆ ಸಂಗನಬಸಪ್ಪನವರು ಒಂದು ಉಪಾಯ ಹೇಳಿದರು. "ಪೈಪ್ ಹಿಡಿದು ಮ್ಯಾಲ ಮ್ಯಾಲ ನೀರು ಹೊಡದ್ರ ನೀಲಿ ಹೋಗ್ತೈತಿ. ಒಳಗ ಏನೈತಿ ಅಂತ ಅವರಿಗೇನ್ ಗೊತ್ತಾಗ್ತೈತಿ?" ರೇಣುಕಾಪ್ರಸಾದರು ಒಪ್ಪಲಿಲ್ಲ. ಒಪ್ಪದಿರಲು ಎರಡು ಕಾರಣಗಳಿದ್ದವು. ಗೆಳತಿಗೆ ಮಗಳು ಸುಳ್ಳು ಹೇಳಬೇಕಾಗುತ್ತದೆ ಎಂಬುದು ಒಂದು. ಕೆರೆಕಟ್ಟೆ ಹದ ಬರಿಯ ನೀರಿಗೆ ಜಗ್ಗುವಂಥದ್ದಲ್ಲ ಎಂಬುದು ಇನ್ನೊಂದು. ಅವರು ಮಗಳಿಂದ ನಂಬರು ತೆಗೆದುಕೊಂಡು ತಾವೇ ಅರ್ಪಣಾಳಿಗೆ ಫೋನು ಮಾಡಿ, ನಡೆದದ್ದನ್ನೆಲ್ಲ ಹೇಳಿದರು.

ಅರ್ಪಣಾ ಮಧ್ಯಾಹ್ನದೊಳಗೆ ಬಂದಳು. ಒಂದು ಗೊಂಚಲನ್ನು ಎತ್ತಿ, ಮೂಗಿನ ಬಳಿ ಹಿಡಿದು, ಕಣ್ಣು ಮುಚ್ಚಿದಳು.

"ಅಯ್ಯೋ ಮಾರಾಯ್ರೇ! ರಾಳ! ನಮ್ಮ ಮನೆ ಅಂಗಳದಲ್ಲಿ ಔಷಧಿ ಕಾಯಿಸಿದ ಹಾಗೇ ಇದೆ. ಎಷ್ಟು ವರ್ಷ ಆಯ್ತು ಈ ವಾಸನೆ ಬಡಿದು!"

"ನಿಮ್ಮ ಅಪ್ಪಯ್ಯನೂ ನಮ್ಮ ಅಂಗಡಿಗೇ ಬರೋದಲ್ವಾ ಅಮ್ಮ?" ಎಂದು ರೇಣುಕಾಪ್ರಸಾದರು ಸಂಕಟದಲ್ಲೂ ಕೇಳಿಬಿಟ್ಟರು.

"ಬರ್ತಾರೆ, ಬಂದು ನಿಮ್ಮ ಹತ್ರ ಜಗಳ ಮಾಡ್ತಾರೆ" ಎಂದು ಅವಳು ನಕ್ಕಳು. ಆಮೇಲೆ ಗಂಭೀರಳಾದಳು. "ನೋಡಿ, ಕೊಳೆ ಅನ್ನೋದು ಒಂದು ಥರ ಬೂಷ್ಟು. ವೈನನ್ನು ಉಕ್ಕಿಸುವ ಹುದುಗೂ ಅದರ ದೂರದ ನೆಂಟನೇ. ಕೊಳೆಗೆ ಹೊಡೆದ ತಾಮ್ರ ಹುದುಗನ್ನೂ ಮಲಗಿಸುತ್ತೆ. ಹೀಗೇ ತಂದ್ರೆ ನಾನು ಗೇಟಿನಲ್ಲೇ ವಾಪಸ್ ಕಳಿಸ್ತೀನಿ, ನಿಶ್ಚಿತಾ. ಬೇಜಾರು ಮಾಡ್ಕೋಬೇಡ."

"ತಾಮ್ರ ಹೋಗುವ ಹಾಗೆ ತೊಳೆದರೆ?" ಎಂದು ನಿಶ್ಚಿತಾ ಕೇಳಿದಳು.

"ಹೋದ್ರೆ ಪರೀಕ್ಷೆ ಮಾಡ್ತೀನಿ. ಕಾಗೆ ಸ್ನಾನ ಮಾಡಿಸಿದ್ರೆ ಮಾತ್ರ ಆಗಲ್ಲ. ಹಣ್ಣು ಒಡೆಯಲೂ ಬಾರದು."

ಅವಳು ಹೋದ ಮೇಲೆ ರೇಣುಕಾಪ್ರಸಾದರು ಗೊಂಚಲೊಂದನ್ನು ಹಿಡಿದು ಕುಳಿತರು. ನೀರಿಗೆ ಅದ್ದಿದರು, ಉಜ್ಜಿದರು, ಬಟ್ಟೆಯಲ್ಲಿ ಒರೆಸಿದರು. ನೀಲಿ ಅಲುಗಲಿಲ್ಲ. ಜೀವಮಾನದಲ್ಲಿ ಔಷಧಿಯನ್ನು ಹತ್ತಿಸುವುದನ್ನು ಕಲಿತಿದ್ದರೇ ವಿನಾ ಬಿಡಿಸುವುದನ್ನು ಯೋಚಿಸಿದವರೇ ಅಲ್ಲ. ಕೊನೆಗೆ ಬೇರೆ ದಿಕ್ಕು ಕಾಣದೆ ಬಾಳೆಹೊನ್ನೂರಿಗೆ ಫೋನು ಮಾಡಿದರು. ಸರ್ವಮಂಗಳಾ ಎಲ್ಲವನ್ನೂ ಕೇಳಿಸಿಕೊಂಡರು.

"ಹೋಗಿ ಹೋಗಿ ಹುಡುಗಿಯ ದ್ರಾಕ್ಷಿಗೆ ಬಳಿದ್ರಾ?"

"ಬಳಿದೆ ಮಾರಾಯ್ತಿ. ಈಗ ಹೋಗ್ತಾ ಇಲ್ಲ."

"ನಿಮ್ಮ ಪಂಚೆ, ಬನಿಯನ್ನು ಇಷ್ಟು ವರ್ಷ ಯಾರು ಒಗೆದದ್ದು?"

"ನೀನೇ."

"ಹೇಗೆ ಒಗೆದೆ ಅಂತ ಒಂದು ದಿನ ಕೇಳಿದ್ದೀರಾ?"

ರೇಣುಕಾಪ್ರಸಾದರು ಕೇಳಿರಲಿಲ್ಲ.

"ಸೋಪು ಹಾಕಿ ಬಡಿದ್ರೆ ಬಟ್ಟೆ ಹರಿಯುತ್ತೆ ಹೊರತು ಕಲೆ ಹೋಗಲ್ಲ. ಹುಳಿ ನೀರಲ್ಲಿ ಅದ್ದಿ ಹಿಡೀಬೇಕು. ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಾಕಿ ತಿಕ್ಕಲ್ವಾ, ಹಾಗೇ. ನೀಲಿ ತಾನಾಗೇ ಬಿಡುತ್ತೆ. ಅದು ಬಿಟ್ಟ ಕೂಡಲೇ ರಾಳ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತೆ. ಆಮೇಲೆ ತಿಳಿನೀರಲ್ಲಿ ಎರಡು ಸಲ ಅದ್ದಿ ತೆಗೀಬೇಕು. ನಾನು ಕಂಚಿಕಾಯಿ ಹಿಂಡ್ತಿದ್ದೆ. ಅಲ್ಲಿ ಹುಳಿ ಏನಿದೆ?"

ರೇಣುಕಾಪ್ರಸಾದರು ತಲೆಯೆತ್ತಿ ನೋಡಿದರು. ಪಡದ ಬದುವಿನ ಉದ್ದಕ್ಕೂ ಬೀಗರ ನಿಂಬೆಗಿಡಗಳು ಹಳದಿ ಹಣ್ಣುಗಳಿಂದ ಜಗ್ಗಿ ನಿಂತಿದ್ದವು.

ಮರುದಿನ ಅರ್ಪಣಾಳನ್ನು ಕೇಳಿ, ಮೊದಲು ಒಂದೇ ಸಾಲಿಗೆ ಮಾಡಿ ನೋಡಿದರು. ಒಂದು ಬಕೀಟಿನಲ್ಲಿ ನಿಂಬೆಹುಳಿ ಬೆರೆಸಿದ ನೀರು, ಇನ್ನೆರಡರಲ್ಲಿ ತಿಳಿನೀರು. ಗೊಂಚಲು ಬಳ್ಳಿಯಲ್ಲೇ ಇರುವಂತೆ ಬಕೀಟನ್ನು ಮೇಲಕ್ಕೆತ್ತಿ ಅದ್ದಿ ಹಿಡಿದು, ಬೆರಳಿನಿಂದ ಮೆಲ್ಲಗೆ ಅಲುಗಿಸಬೇಕು. ನೀಲಿ ಕರಗಿ ನೀರಿಗಿಳಿಯಿತು. ಹಣ್ಣು ಮತ್ತೆ ಕಪ್ಪಗೆ ಹೊಳೆಯಿತು. ಆ ಒಣಗಾಳಿಗೆ ಗೊಂಚಲು ನೋಡನೋಡುತ್ತ ಆರಿಹೋಯಿತು. ಮಲೆನಾಡಾಗಿದ್ದರೆ ಒದ್ದೆ ಆರದೆ ಬೂಷ್ಟೇ ಹಿಡಿಯುತ್ತಿತ್ತು. ಅರ್ಪಣಾ ಮಾದರಿ ಒಯ್ದು ಪರೀಕ್ಷಿಸಿ, "ಪರವಾಗಿಲ್ಲ, ಮುಂದುವರಿಸಿ. ಆದ್ರೆ ಒಳಗಿನ ಹಣ್ಣುಗಳಲ್ಲಿ ಇನ್ನೂ ಇದೆ, ಹೆಚ್ಚು ಹೊತ್ತು ಅದ್ದಿ" ಎಂದು ತಿಳಿಸಿದಳು.

ಆಮೇಲೆ ಆ ಪಡದಲ್ಲಿ ನಡೆದದ್ದು ಒಂದು ಮದುವೆಯ ಸಡಗರ. ಊರಿನ ಹೆಂಗಸರು ಸಾಲಾಗಿ ಕುಳಿತು ನಿಂಬೆ ಹಿಂಡಿದರು. "ಬೀಗರ ದ್ರಾಕ್ಷಿಗೆ ಎಣ್ಣಿ ಹಚ್ಚಿ ಎರೆಯಾಕತ್ತೀವಿ" ಎಂದು ಒಬ್ಬಳು ಕೂಗಿದರೆ, "ಸೀರಿ ಉಡಿಸೂದು ಯಾವಾಗ?" ಎಂದು ಇನ್ನೊಬ್ಬಳು. ರೇಣುಕಾಪ್ರಸಾದರು ಬಕೀಟು ಹಿಡಿದು ಸಾಲಿನಿಂದ ಸಾಲಿಗೆ ಓಡಾಡುತ್ತಿದ್ದರು. ಈಗ ಅವರ ಕೈಯಿಂದ ಬಕೀಟು ಕಸಿಯುವವರು ಯಾರೂ ಇರಲಿಲ್ಲ.

ಬಕೀಟು ತಿಳಿಯಾಗಿರಬೇಕೆಂಬ ಆತುರದಲ್ಲಿ ಅವರು, ಭದ್ರೆಯ ದಡದಲ್ಲಿ ಬೆಳೆದ ರೂಢಿಯಂತೆ, ಒಂದೊಂದು ಬಳ್ಳಿಗೂ ನೀರು ಬದಲಿಸಿ ಹಳೆಯದನ್ನು ನೆಲಕ್ಕೆ ಸುರಿಯುತ್ತಿದ್ದರು. ದೂರದಿಂದ ನೋಡುತ್ತಿದ್ದ ಸಂಗನಬಸಪ್ಪನವರು ಅದೆಷ್ಟು ಹೊತ್ತು ತಡೆದಿದ್ದರೋ, ಕೊನೆಗೆ ಅಡ್ಡಬಂದರು.

"ಏನ್ರಿ ಬೀಗ್ರ! ನೀರಂದ್ರ ಏನಂತ ತಿಳ್ಕೊಂಡೀರಿ? ಬೋರಿನ್ಯಾಗ ಒಂದೊಂದು ಕೊಡಕ್ಕೂ ನಾವು ದೇವರಿಗೆ ಕೈ ಮುಗೀತೀವಿ. ಅದೂ ತಾಮ್ರದ ನೀರು ಬುಡಕ್ಕ ಸುರೀತೀರಿ! ಮೊದ್ಲ ಹಣ್ಣಿಗೆ ಬಳದ್ರಿ, ಈಗ ಬೇರಿಗೂ ಕುಡಸ್ತೀರೇನು? ಬುದ್ಧಿ ಐತೋ ಇಲ್ಲೋ? ಯಾರ್ರಿ ನಿಮಗ ಅಂಗಡಿ ಇಡಾಕ ಹೇಳಿದ್ದು?"

ಹಿಂಡುತ್ತಿದ್ದ ಹೆಂಗಸರ ಕೈ ನಿಂತಿತು. ಮಾತು ಆಡಿದ ಸಂಗನಬಸಪ್ಪನವರೇ ಗಾಬರಿಯಾದರು. ರೇಣುಕಾಪ್ರಸಾದರ ಮುಖ ಮಾತ್ರ ಅರಳಿತು.

"ಅಬ್ಬ! ಬೈದ್ರಲ್ಲ ಬೀಗರೇ, ಬದುಕಿದೆ. ಇವತ್ತು ಊಟ ಸೇರುತ್ತೆ."

ಮೊದಲು ನಕ್ಕವಳು ನಿಶ್ಚಿತಾ. ಆ ದಿನದಿಂದ ಬೀಗರಿಬ್ಬರೂ ಬಾಯಿ ತುಂಬ ಜಗಳವಾಡುತ್ತ ಕೆಲಸ ಮಾಡಿದರು. ತೊಳೆದ ನೀರನ್ನು ಡ್ರಮ್ಮಿನಲ್ಲಿ ಹಿಡಿದು ದೂರದ ಬೀಳಿನಲ್ಲಿ ಗುಂಡಿ ತೋಡಿ ಸುರಿದರು. ಊಟದ ತಟ್ಟೆಯಿಂದ ಹೋಳಿಗೆ ಮಾಯವಾಗಿ, ರೊಟ್ಟಿ ಹಿಂಡಿ ಮರಳಿ ಬಂದವು. ಅವು ರೇಣುಕಾಪ್ರಸಾದರಿಗೆ ಬಹಳ ರುಚಿಸಿದವು.

ಕೊಯ್ಲಿನ ಹೊತ್ತಿಗೆ ಸರ್ವಮಂಗಳಾ ಬಂದಿಳಿದರು. ಬಸ್ಸಿನಿಂದ ಇಳಿದವರೇ ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ನಿಮ್ಮನ್ನ ಒಬ್ಬರನ್ನೇ ಇನ್ನೂ ಬಿಟ್ಟರೆ ಇವರ ಗೋಡೆಗೂ ಬಳೀತೀರಿ" ಎಂದರು. ಬೀಗಿತ್ತಿ ಅವರನ್ನು ಅಪ್ಪಿಕೊಂಡು ಒಳಗೆ ಕರೆದೊಯ್ದರು.

ಎಲ್ಲ ಹಣ್ಣೂ ಉಳಿಯಲಿಲ್ಲ. ತೀರ ಬಿಗಿಯಾಗಿದ್ದ ಕೆಲವು ಗೊಂಚಲುಗಳ ಒಳಗೆ ನೀಲಿ ಹಾಗೇ ಇತ್ತು. ನಿಶ್ಚಿತಾ ಅವನ್ನು ತಾನೇ ಕತ್ತರಿಸಿ ಬದಿಗಿಟ್ಟಳು. ಉಳಿದ ಕ್ರೇಟುಗಳು ಬೆಳಗಿನ ತಂಪಿನಲ್ಲೇ ವೈನರಿಗೆ ಹೋದವು. ಅರ್ಪಣಾ ಗೇಟಿನಲ್ಲಿ ಇನ್ನೊಮ್ಮೆ ನೋಡಿ ಒಳಗೆ ಬಿಟ್ಟಳು. ಆದರೆ ಒಂದು ಮಾತು ಖಡಾಖಂಡಿತವಾಗಿ ಹೇಳಿದಳು: "ಇದನ್ನ ಬೇರೆಯವರ ದ್ರಾಕ್ಷಿ ಜೊತೆ ಸೇರಿಸಲ್ಲ. ಸಣ್ಣ ಟ್ಯಾಂಕಿನಲ್ಲಿ ಬೇರೆ ಹಾಕ್ತೀನಿ. ಹುದುಗು ಎದ್ದರೆ ನಿಮ್ಮ ಬೆಳೆ ನಮಗೆ ಸೇರಿತು. ಏಳಲಿಲ್ಲ ಅಂದ್ರೆ ನಾನೇನೂ ಮಾಡೋಕಾಗಲ್ಲ."

ಹೀಗೆ ಮಗಳ ಬಳ್ಳಿಗಳ ಆಯುಸ್ಸು ಒಂದು ಉಕ್ಕಿನ ಟ್ಯಾಂಕಿನ ಹೊಟ್ಟೆಗೆ ಹೋಗಿ ಕುಳಿತಿತು. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನವೂ ನಿಶ್ಚಿತಾ ಹೋಗಿ ನೋಡಿ, ಇನ್ನೂ ಎದ್ದಿಲ್ಲವೆಂದು ತಲೆಯಾಡಿಸಿಕೊಂಡು ಬಂದಳು. ಸಂಗನಬಸಪ್ಪನವರು ಬಾಯಲ್ಲಿ ಏನೂ ಹೇಳದಿದ್ದರೂ, ಒಣದ್ರಾಕ್ಷಿಯ ಸಸಿಗಳಿಗೆ ಯಾರನ್ನೋ ಫೋನಿನಲ್ಲಿ ವಿಚಾರಿಸುತ್ತಿದ್ದುದು ಎಲ್ಲರ ಕಿವಿಗೂ ಬಿತ್ತು. ರೇಣುಕಾಪ್ರಸಾದರು ಬೆಳಿಗ್ಗೆ ಲಿಂಗಪೂಜೆಗೆ ಕುಳಿತವರು ಬಹಳ ಹೊತ್ತು ಏಳಲಿಲ್ಲ. ಹೆಂಡವಾಗಲಿ ಎಂದು ಶಿವನನ್ನು ಬೇಡುವುದು ಹೇಗೆ ಎಂಬ ಇಕ್ಕಟ್ಟು ಅವರದು. ಸರ್ವಮಂಗಳಾ ಅದನ್ನು ತಿಳಿದು, "ಹುಡುಗಿಗೆ ಒಳ್ಳೇದಾಗಲಿ ಅಂತ ಬೇಡಿ ಏಳಿ. ಉಳಿದದ್ದು ಅವನಿಗೆ ಗೊತ್ತಾಗುತ್ತೆ" ಎಂದು ಬಿಡಿಸಿದರು.

ಅದರ ಮರುದಿನ ಬೆಳಿಗ್ಗೆ ಅರ್ಪಣಾಳ ಫೋನು ಬಂತು. "ಎಲ್ಲರೂ ಬನ್ನಿ" ಎಂದಳೇ ಹೊರತು ಏಕೆಂದು ಹೇಳಲಿಲ್ಲ. ಬೀಗರು, ಬೀಗಿತ್ತಿಯರು, ಮಗಳು ಎಲ್ಲರೂ ಜೀಪಿನಲ್ಲಿ ತುಂಬಿಕೊಂಡು ಹೋದರು. ವೈನರಿಯ ಒಳಗೆ ಹೊರಗಿನ ಬಿಸಿಲಿನ ಸುಳಿವೇ ಇಲ್ಲದ ತಂಪು. ಅರ್ಪಣಾ ಸಣ್ಣ ಟ್ಯಾಂಕಿನ ಮುಚ್ಚಳ ತೆರೆದು ಏಣಿಯ ಮೇಲೆ ನಿಶ್ಚಿತಾಳನ್ನು ಹತ್ತಿಸಿದಳು. ಸಿಪ್ಪೆಗಳೆಲ್ಲ ಮೇಲೆದ್ದು ದಪ್ಪನೆಯ ಹೊದಿಕೆಯಾಗಿದ್ದವು. ಹೊದಿಕೆಯ ಸಂದಿಗಳಿಂದ ಗುಲಾಬಿ ಬಣ್ಣದ ನೊರೆ ಬುಳುಬುಳು ಎಂದು ಉಕ್ಕುತ್ತಿತ್ತು.

"ಎದ್ದಿದೆ!" ಎಂದು ನಿಶ್ಚಿತಾ ಮೇಲಿಂದಲೇ ಕೂಗಿದಳು.

ಸರ್ವಮಂಗಳಾ ಟ್ಯಾಂಕಿಗೆ ಕಿವಿ ಹಚ್ಚಿದರು. "ಇದೆಂತ, ನಮ್ಮ ದೋಸೆ ಹಿಟ್ಟಿನ ಹಾಗೇ ಇದೆಯಲ್ಲ! ಸ್ವಲ್ಪ ಜೋರು, ಅಷ್ಟೇ."

ರೇಣುಕಾಪ್ರಸಾದರೂ ಕಿವಿ ಹಚ್ಚಿದರು. ಹುದುಗಿನ ಜಾತಿಯನ್ನು ಕೊಲ್ಲುವುದರಲ್ಲೇ ಹೆಸರು ಮಾಡಿದ ಮನುಷ್ಯ, ಅದು ಬದುಕಿ ಗುನುಗುತ್ತಿರುವುದನ್ನು ಕೇಳಿ ಕಣ್ಣು ಒರೆಸಿಕೊಂಡರು. ಅರ್ಪಣಾ, "ಪೂರ್ತಿ ವೈನ್ ಆಗೋಕೆ ಇನ್ನೂ ಬೇಕಾದಷ್ಟು ದಿನ ಇದೆ. ಆದ್ರೆ ಬೆಳೆ ನಮ್ಮದಾಯ್ತು, ಮಾವನವರಿಗೆ ಹೇಳು" ಎಂದು ನಿಶ್ಚಿತಾಳ ಬೆನ್ನು ತಟ್ಟಿದಳು. ಹೇಳಬೇಕಾದ ಅಗತ್ಯವಿರಲಿಲ್ಲ. ಸಂಗನಬಸಪ್ಪನವರು ಆಗಲೇ ಏಣಿಯ ಬುಡದಲ್ಲಿ ಸೊಸೆ ಇಳಿಯುವುದನ್ನೇ ಕಾಯುತ್ತ ನಿಂತಿದ್ದರು.

"ಇಳಿಯವ್ವ. ಮನಿಗೆ ಹೋಗೋಣು, ಕೆಲಸೈತಿ."

ಸಂಜೆ ಬಿಸಿಲು ಇಳಿದ ಮೇಲೆ ಆ ಕೆಲಸ ಏನೆಂದು ತಿಳಿಯಿತು. ಅರ್ಧ ಎಕರೆಯ ಆಚೆ ಖಾಲಿ ಬಿದ್ದಿದ್ದ ಹೊಲದಲ್ಲಿ ಸಂಗನಬಸಪ್ಪನವರು ಗೂಟಗಳನ್ನು ತಂದು ಹಾಕಿದ್ದರು. ನಿ‍ಶ್ಚಿತಾ ಎಲ್ಲಿಂದ ಎಲ್ಲಿಯವರೆಗೆ ವೈನಿನ ದ್ರಾಕ್ಷಿಯ ಹೊಸ ಸಾಲು ಬೇಕೆಂದು ಕೈಚಾಚಿ ತೋರಿಸುತ್ತಿದ್ದಳು. ಹಗ್ಗದ ಒಂದು ತುದಿ ಬೀಗರ ಕೈಯಲ್ಲಿ, ಇನ್ನೊಂದು ತುದಿ ರೇಣುಕಾಪ್ರಸಾದರ ಕೈಯಲ್ಲಿ.

"ಎಡಕ್ಕ ಸರೀರಿ ಬೀಗ್ರ!"

"ಸರಿದೆ. ನಿಮ್ಮ ಕಡೆಯೇ ಸೊಟ್ಟ ಇದೆ ನೋಡಿ."

"ನಂದು ನೆಟ್ಟಗೈತ್ರಿ. ನಿಮ್ಮೂರಾಗ ಗುಡ್ಡದ ಮ್ಯಾಲ ಸಾಲು ಹಿಡಿದು ಹಿಡಿದು ನಿಮ್ಮ ಕಣ್ಣ ಸೊಟ್ಟ ಆಗೇತಿ!"

ನಿಶ್ಚಿತಾ ಇಬ್ಬರನ್ನೂ ಸುಮ್ಮನಾಗಿಸಿ, ನಡುವೆ ನಿಂತು ಒಂದು ಕಣ್ಣು ಮುಚ್ಚಿ ನೋಡಿ, ಮೊದಲ ಗೂಟವನ್ನು ತಾನೇ ಬಡಿದಳು.